ಠಾಣೆಯಿಂದ ಕಲ್ಯಾಣದವರೆಗೆ: ಕನ್ನಡ ಧಾರಾವಾಹಿ ಬಂದ ದಾರಿ

ಮುಂಬಯಿ ದೂರದರ್ಶನ ಕೇಂದ್ರವು 1972ರ ಅಕ್ಟೋಬರ್ 2ರಂದು ಪ್ರಸಾರ ಆರಂಭಿಸಿದ ಮೇಲೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳಿಗೂ ಟಿ.ವಿ. ಬಂದಿತಾದರೂ, ಅದರಲ್ಲಿ ದಿನನಿತ್ಯ ಕನ್ನಡದ ಕಥೆ ನೋಡುವ ಅನುಕೂಲಕ್ಕೆ ಎರಡು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ಇದಕ್ಕೆ ಕಾರಣ ನೋಡುಗರ ಅಭಾವವಲ್ಲ, ಪ್ರಸಾರದ ವಿಧಾನ. ಗೋಪುರದಿಂದ ಬಿತ್ತರವಾದ ಅಲೆಗಳನ್ನು ಮನೆಯ ಮೇಲಿನ ಆಂಟೆನಾ ಹಿಡಿಯುವ ಭೂತಲ ಪ್ರಸಾರವು ಗೋಪುರದ ಸುತ್ತಲಿನ ಸೀಮಿತ ಪ್ರದೇಶವನ್ನಷ್ಟೇ ತಲುಪುತ್ತದೆ; ಆದ್ದರಿಂದ 1981ರಲ್ಲಿ ಆರಂಭವಾದ ಬೆಂಗಳೂರು ಕೇಂದ್ರದ ಕನ್ನಡ ಕಾರ್ಯಕ್ರಮಗಳು ಇಲ್ಲಿ ಕಾಣುತ್ತಿರಲಿಲ್ಲ.

ಆ ಕಾಲದಲ್ಲಿ ಈ ಉಪನಗರಗಳಿಗೆ ಕನ್ನಡ ನೆಲ ಕಾಣಿಸಿದ್ದು ಹಿಂದಿಯ ಮೂಲಕ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ದೇಶವ್ಯಾಪಿ ಜಾಲದಲ್ಲಿ ಬಂದಾಗ ಪರಿಚಿತ ಹೆಂಚಿನ ಮನೆಗಳೂ ಕನ್ನಡ ನಟರ ಮುಖಗಳೂ ತೆರೆಯ ಮೇಲಿದ್ದವು, ಮಾತು ಮಾತ್ರ ಬೇರೆಯದಾಗಿತ್ತು. ಇದಕ್ಕಿಂತ ನೋವಿನ ಸಂಗತಿಯೆಂದರೆ, 'ಘಟಶ್ರಾದ್ಧ' ಚಿತ್ರದ ನಿರ್ಮಾಪಕರೂ ಮುಂಬಯಿ ಕನ್ನಡ ರಂಗಭೂಮಿಯಲ್ಲಿ ದೀರ್ಘಕಾಲ ದುಡಿದವರೂ ಆದ ಸದಾನಂದ ಸುವರ್ಣರು ಕರಾವಳಿಯ ಬದುಕನ್ನು ಆಧರಿಸಿ ನಿರ್ದೇಶಿಸಿದ 'ಗುಡ್ಡದ ಭೂತ' ಧಾರಾವಾಹಿ 1990ರ ಸುಮಾರಿಗೆ ಬೆಂಗಳೂರು ದೂರದರ್ಶನದಲ್ಲಿ ಮೂಡಿಬಂದಾಗ, ಅದೇ ಕರಾವಳಿಯಿಂದ ವಲಸೆ ಬಂದು ಇಲ್ಲಿ ನೆಲೆಸಿದ ಕುಟುಂಬಗಳಿಗೆ ಅದು ಎಟುಕದೆ ಹೋಯಿತು.

ಉಪಗ್ರಹವು ಈ ಗಡಿಯನ್ನು ಅಳಿಸಿತು. 1994ರಲ್ಲಿ ಉದಯ, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿಗಳು ಆರಂಭವಾದವು; ಟಿ.ಎನ್. ಸೀತಾರಾಮ್ ಅವರ 'ಮುಕ್ತ'ದಂತಹ, ನ್ಯಾಯಾಲಯದ ವಾದವನ್ನೂ ಮನೆಯ ಜಗಳವನ್ನೂ ಒಟ್ಟಿಗೆ ಹೆಣೆದ ಧಾರಾವಾಹಿಗಳಿಗೆ ಆಗ ರಾಜ್ಯದ ಎಲ್ಲೆ ಇರಲಿಲ್ಲ. ಆದರೂ ಹಳೆಯ ಕೇಬಲ್ ತಂತಿಯಲ್ಲಿ ಹಿಡಿಸುವ ವಾಹಿನಿಗಳ ಸಂಖ್ಯೆ ಕಡಿಮೆಯಿದ್ದುದರಿಂದ, ಯಾವ ವಾಹಿನಿಯನ್ನು ಬಿಡಬೇಕೆಂಬುದು ಬಡಾವಣೆಯ ಕೇಬಲ್‌ನವನ ಕೈಯಲ್ಲಿತ್ತು. ಮರಾಠಿ, ಹಿಂದಿ, ಗುಜರಾತಿ ಮನೆಗಳ ನಡುವೆ ಚದುರಿದ್ದ ಕೆಲವೇ ಕನ್ನಡ ಮನೆಗಳ ಬೇಡಿಕೆಗೆ ಅಲ್ಲಿ ತೂಕ ಬರುವುದು ಕಷ್ಟವಾಗಿತ್ತು. ಮನೆಯ ತಾರಸಿಯ ಪುಟ್ಟ ತಟ್ಟೆಗೆ ಉಪಗ್ರಹದಿಂದ ನೇರವಾಗಿ ವಾಹಿನಿಗಳನ್ನು ತರುವ ಡಿ.ಟಿ.ಎಚ್. ಸೇವೆ ಮತ್ತು 2012ರಿಂದ ಹಂತಹಂತವಾಗಿ ನಡೆದ ಕೇಬಲ್ ಡಿಜಿಟಲೀಕರಣ ಸೇರಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದವು. ಇಂದು ಡೊಂಬಿವಲಿಯ ಲೋಕಲ್‌ನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದಿನ ರಾತ್ರಿಯ ಸಂಚಿಕೆಯನ್ನು ಮೊಬೈಲ್‌ನಲ್ಲಿ ನೋಡುವುದೂ ಸಾಧ್ಯವಾಗಿದೆ.

ಮರಾಠಿಯ 'ತುಲಾ ಪಾಹತೇ ರೇ' 2019ರಲ್ಲಿ ಕನ್ನಡದ 'ಜೊತೆ ಜೊತೆಯಲಿ' ಆದದ್ದು ಈ ನಗರಗಳಿಗೆ ವಿಶೇಷ ಅರ್ಥವುಳ್ಳದ್ದು, ಏಕೆಂದರೆ ಎರಡೂ ಭಾಷೆ ಬಲ್ಲ ಇಲ್ಲಿನ ನೋಡುಗರು ಒಂದೇ ಕಥೆಯನ್ನು ಎರಡು ಮನೆತನಗಳ ರೀತಿನೀತಿಯಲ್ಲಿ ಹೋಲಿಸಿ ನೋಡಬಲ್ಲರು. ಕೊರತೆಯೂ ಇದೆ: ಧಾರಾವಾಹಿಗಳ ಮಾತು ಹೆಚ್ಚಾಗಿ ಬೆಂಗಳೂರು-ಮೈಸೂರು ಕಡೆಯದು, ಮಂಗಳೂರು, ವಿಜಯಪುರ, ಕಲಬುರಗಿಗಳಿಂದ ಬಂದವರ ನುಡಿಗೆ ಅಲ್ಲಿ ಸಿಗುವ ಜಾಗ ಕಿರಿದು.

ಮರಾಠಿ ಮಾಧ್ಯಮದಲ್ಲೋ ಇಂಗ್ಲಿಷ್ ಮಾಧ್ಯಮದಲ್ಲೋ ಓದುವ ಮಕ್ಕಳ ಕಿವಿಗೆ ಮನೆಯವರದಲ್ಲದ ಕನ್ನಡ ದಿನವೂ ಬೀಳುವ ದಾರಿಗಳು ಇಲ್ಲಿ ಹೆಚ್ಚಿಲ್ಲ; ಧಾರಾವಾಹಿ ಅಂಥದೊಂದು ದಾರಿ. 2019ರ ಫೆಬ್ರವರಿಯಿಂದ ಜಾರಿಯಾದ ದರ ನಿಯಮದಂತೆ ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ. ಕನ್ನಡ ಕುಟುಂಬಗಳು ತಮ್ಮ ಪಟ್ಟಿಯಲ್ಲಿ ಕನಿಷ್ಠ ಒಂದು ಕನ್ನಡ ವಾಹಿನಿಯನ್ನು ಕೇಳಿ ಹಾಕಿಸಿಕೊಳ್ಳಬೇಕು.