ನೀರಿಗಿಳಿಯುವ ಗಾಡಿಗೆ ನನ್ನ ಕ್ಯಾರಿಯರ್

ಕಳೆದ ಆಗಸ್ಟ್‌ನ ಒಂದು ರಾತ್ರಿ ಮಾಮ ವಿಡಿಯೊ ಕಾಲ್ ಮಾಡಿದಾಗ ಮೊಬೈಲಿನಲ್ಲಿ ಅವನ ಮುಖದ ಬದಲು ಒಂದು ವಿಚಿತ್ರ ಗಾಡಿ ಕಾಣಿಸಿತು. ಸ್ನಾನದ ತೊಟ್ಟಿಗೆ ಎಂಟು ಚಕ್ರ ಸಿಕ್ಕಿಸಿದ ಹಾಗಿತ್ತು. ‘ಲೋ ಇಂಜಿನಿಯರ್, ಇದಕ್ಕೊಂದು ಕ್ಯಾರಿಯರ್ ಡಿಸೈನ್ ಮಾಡಿಕೊಡ್ತೀಯೇನೋ?’ ಅಂದ.

ಮಾಮ ಇರುವುದು ಕೆನಡಾದ ಥಂಡರ್ ಬೇ ಎಂಬ ಊರಿನಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿ. ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಕೆಲಸ. ಮನೆಯ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮೆಷಿನ್ ಇಟ್ಟುಕೊಂಡಿದ್ದಾನೆ. ಗಾಡಿ ಪಕ್ಕದ ಮನೆಯ ಅಜ್ಜನದು. ಎಪ್ಪತ್ತು ದಾಟಿದರೂ ಶರತ್ಕಾಲ ಬಂದರೆ ಬೇಟೆಗೆ ಹೊರಡುವವರು.

ಆ ಗಾಡಿಯ ಹೆಸರು ಆರ್ಗೊ. ಅದೇ ಒಂಟಾರಿಯೊ ಪ್ರಾಂತ್ಯದ ನ್ಯೂ ಹ್ಯಾಂಬರ್ಗ್‌ನಲ್ಲಿ 1967ರಿಂದ ತಯಾರಾಗುತ್ತಿದೆ. ಇದರ ಚಕ್ರಗಳು ಎಡಕ್ಕೂ ಬಲಕ್ಕೂ ತಿರುಗುವುದಿಲ್ಲ. ನಮ್ಮೂರಿನಲ್ಲಿ ಉಳುವಾಗ ಸಾಲಿನ ಕೊನೆಯಲ್ಲಿ ಒಂದೇ ಕಡೆಯ ಬ್ರೇಕ್ ಒತ್ತಿ ಟ್ರ್ಯಾಕ್ಟರ್ ಹೊರಳಿಸುತ್ತಾರಲ್ಲ, ಹಾಗೆ ಒಂದು ಬದಿಯ ಚಕ್ರಗಳನ್ನು ತಡೆದು ತಿರುಗಿಸಬೇಕು. ಕೆಸರು, ಜೌಗು ದಾಟಿ ಸೀದಾ ಕೆರೆಗೆ ಇಳಿಯುತ್ತದೆ. ನೀರಿನಲ್ಲಿ ಟೈರಿನ ಹಲ್ಲುಗಳೇ ಹುಟ್ಟು. ಮನುಷ್ಯ ನಡೆಯುವಷ್ಟು ವೇಗ.

ಅಜ್ಜ ಹೋಗುವುದು ಮೂಸ್ ಬೇಟೆಗೆ. ಜಿಂಕೆಯ ಕುಟುಂಬದಲ್ಲೇ ಎಲ್ಲಕ್ಕಿಂತ ದೊಡ್ಡ ಪ್ರಾಣಿ. ದೊಡ್ಡ ಗಂಡು 500 ಕೆ.ಜಿ. ತೂಗುವುದೂ ಉಂಟು. ವಿಷಯ ಕೇಳಿದ ಅಮ್ಮ ಫೋನ್ ಕಿತ್ತುಕೊಂಡಳು. ‘ಈ ಪಾಪದ ಕೆಲಸಕ್ಕೆ ನನ್ನ ಮಗನೇ ಬೇಕಿತ್ತೇನೋ?’

‘ಅಕ್ಕ, ಇಲ್ಲಿ ಪರ್ಮಿಟ್ ಇಲ್ಲದೆ ಯಾರೂ ಬಂದೂಕು ಎತ್ತೋ ಹಾಗಿಲ್ಲ. ಸಿಕ್ಕಿದರೆ ಅವರ ಮನೆಗೆ ವರ್ಷದ ಊಟ ಅದು’ ಅಂದ ಮಾಮ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಎಂದರೆ ಜೈಲು. ಅಮ್ಮನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಆಗಲಿಲ್ಲ. ಆದರೆ ಅಜ್ಜನ ಕಷ್ಟ ಕೇಳಿದಾಗ ಬೇಡ ಎನ್ನಲೂ ಮನಸ್ಸಾಗಲಿಲ್ಲ. ಅಷ್ಟು ದೊಡ್ಡ ಪ್ರಾಣಿಯನ್ನು ಕಾಡಿನಲ್ಲೇ ಭಾಗ ಮಾಡಿ ತರಬೇಕು. ಒಂದೊಂದು ತುಂಡೂ 40–50 ಕೆ.ಜಿ. ಗಾಡಿಯ ತಳದಲ್ಲಿ ಹಾಕಿದರೆ ಕೆಸರು ಮೆತ್ತುತ್ತದೆ, ಗಾಳಿಯಾಡದೆ ಮಾಂಸ ಕೆಡುತ್ತದೆ. ಮತ್ತೆ ಬಗ್ಗಿ ಎತ್ತಲು ಅಜ್ಜನ ಸೊಂಟ ಕೇಳುವುದಿಲ್ಲ.

ಎರಡು ರಾತ್ರಿ ಕೂತು ಡಿಸೈನ್ ಮಾಡಿದೆ. ಚೌಕ ಪೈಪಿನ ಎರಡು ಅಂತಸ್ತಿನ ಕ್ಯಾರಿಯರ್. ಮೇಲೆ ಮಾಂಸಕ್ಕೆ ಜಾಲರಿ, ಕೆಳಗೆ ಹಗ್ಗ, ಗರಗಸ, ಬಂದೂಕಿನ ಪೆಟ್ಟಿಗೆ. ಸಾಫ್ಟ್‌ವೇರ್‌ನಲ್ಲಿ ಭಾರ ಹಾಕಿ ನೋಡಿದರೆ ಎಲ್ಲೂ ಕೆಂಪು ಬಣ್ಣವೇ ಇಲ್ಲ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಗಟ್ಟಿ! ಆ ಚಿತ್ರವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಹಾಕಿಕೊಂಡೆ.

ಮಾಮ ನೋಡಿ ಒಂದೇ ಮಾತು ಕೇಳಿದ. ‘ಚೆನ್ನಾಗಿದೆ ಕಣೋ. ನೀರಿಗಿಳಿದ ಮೇಲೆ?’

ನನ್ನ ಬಳಿ ಉತ್ತರವಿರಲಿಲ್ಲ. ಕ್ಯಾರಿಯರ್ ಮುರಿಯುತ್ತದಾ ಎಂದು ನೋಡಿದ್ದೆನೇ ಹೊರತು ಗಾಡಿ ಮಗುಚುತ್ತದಾ ಎಂದು ನೋಡಿರಲಿಲ್ಲ. ತಲಕಾಡಿನಲ್ಲಿ ತೆಪ್ಪ ಹತ್ತಿದರೆ ಅಂಬಿಗ ಮೊದಲು ಹೇಳುವುದೇ ‘ಎದ್ದು ನಿಲ್ಲಬೇಡಿ’ ಎಂದು. ಭಾರ ಮೇಲೇರಿದಷ್ಟೂ ತೇಲುವ ವಸ್ತುವಿಗೆ ವಾಲಿದ ಮೇಲೆ ಮತ್ತೆ ನೆಟ್ಟಗಾಗುವ ಶಕ್ತಿ ಕಡಿಮೆ. ಇದನ್ನೇ ನಾಲ್ಕನೇ ಸೆಮಿಸ್ಟರ್‌ನಲ್ಲಿ ‘ಮೆಟಾಸೆಂಟ್ರಿಕ್ ಹೈಟ್’ ಎಂದು ಬಾಯಿಪಾಠ ಮಾಡಿ ಹತ್ತು ಮಾರ್ಕ್ಸ್ ತೆಗೆದುಕೊಂಡಿದ್ದೆ. ಈ ಎತ್ತರ ಸೊನ್ನೆಗಿಂತ ಹೆಚ್ಚಿದ್ದರೆ ಗಾಡಿ ತಾನೇ ನೆಟ್ಟಗಾಗುತ್ತದೆ, ಕಡಿಮೆಯಾದರೆ ಮಗುಚುತ್ತದೆ.

ಹಳೇ ನೋಟ್ಸ್ ಹುಡುಕಿ ಲೆಕ್ಕ ಹಾಕಿದೆ. ತೊಟ್ಟಿಯ ಉದ್ದ 3 ಮೀಟರ್, ಅಗಲ 1.2 ಮೀಟರ್ ಎಂದು ಹಿಡಿದೆ. ಗಾಡಿ, ಇಬ್ಬರು ಜನ, ತಳದಿಂದ 1.2 ಮೀಟರ್ ಎತ್ತರದಲ್ಲಿ 130 ಕೆ.ಜಿ. ಮಾಂಸ, ಜತೆಗೆ ನನ್ನದೇ 35 ಕೆ.ಜಿ. ಕ್ಯಾರಿಯರ್. ಉತ್ತರ ಒಂದು ಸೆಂಟಿಮೀಟರ್ ಕೂಡ ಬರಲಿಲ್ಲ. ಟೈರುಗಳೂ ಒಂದಿಷ್ಟು ತೇಲಿಸುತ್ತವೆ, ನಿಜ. ಆದರೆ ಅಜ್ಜ ಒಂದು ಕಡೆ ವಾಲಿ ನೀರಿನೊಳಗೆ ಇಣುಕಿದರೂ ಸಾಕು ಅನ್ನಿಸಿತು. ಅಕ್ಟೋಬರ್‌ನ ಆ ಕೆರೆಯ ನೀರು, ದಪ್ಪ ಜಾಕೆಟ್, ಮೊಣಕಾಲಿನವರೆಗೆ ಬೂಟು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸ್ಟೇಟಸ್ ಡಿಲೀಟ್ ಮಾಡಿದೆ.

ಮತ್ತೆ ಮೊದಲಿನಿಂದ ಶುರು. ಮೇಲಿನ ಅಂತಸ್ತು ಕಿತ್ತುಹಾಕಿದೆ. ಭಾರವನ್ನು 75 ಸೆಂಟಿಮೀಟರಿಗೆ ಇಳಿಸಿದೆ. ಒಂದಿಂಚಿನ ತೆಳು ಪೈಪು ಬಳಸಿದ್ದರಿಂದ ಕ್ಯಾರಿಯರ್ ತೂಕ 18 ಕೆ.ಜಿ.ಗೆ ಇಳಿಯಿತು. ಈಗ ಲೆಕ್ಕದಲ್ಲಿ ಹತ್ತು ಸೆಂಟಿಮೀಟರ್ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ಮಾಮ ರಟ್ಟು ಕತ್ತರಿಸಿ ಅಳತೆ ಹಿಡಿದು ನೋಡಿದಾಗ ಕ್ಯಾರಿಯರ್‌ನ ಒಂದು ಕಾಲು, ಚೈನಿಗೆ ಎಣ್ಣೆ ಬಿಡಲು ತೆಗೆಯಬೇಕಾದ ಹಲಗೆಯ ಮೇಲೇ ಬಂದು ಕೂತಿತ್ತು. ಅದನ್ನು ಪಕ್ಕಕ್ಕೆ ಸರಿಸಿದೆವು. ತೊಟ್ಟಿಗೆ ಹೊಸದಾಗಿ ಒಂದು ತೂತೂ ಕೊರೆಯಬಾರದು ಎಂದು ತೀರ್ಮಾನಿಸಿ, ಒಳಗಿನ ಕಬ್ಬಿಣದ ಫ್ರೇಮಿನಲ್ಲಿ ಆಗಲೇ ಇದ್ದ ಬೋಲ್ಟ್‌ಗಳಿಗೇ ಕಾಲುಗಳನ್ನು ಕಟ್ಟಿದೆವು. ತೂತು ಕೊರೆದ ಮೇಲೆ ಅದು ದೋಣಿಯಾಗಿ ಹೇಗೆ ಉಳಿದೀತು?

ತೆಳು ಪೈಪು ವೆಲ್ಡಿಂಗ್ ಬಿಸಿಗೆ ಸೊಟ್ಟಗಾದರೆ? ಹಾಸನದ ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯ ಅಣ್ಣನನ್ನು ಕೇಳಿದೆ. ಗೇಟು ಮಾಡುತ್ತಿದ್ದವರು ತಲೆ ಎತ್ತದೆಯೇ ಹೇಳಿದರು: ‘ಮೊದಲು ನಾಕೂ ಮೂಲೇಲಿ ಬರೀ ಚುಕ್ಕೆ ಹಾಕಿ. ಮೂಲೆಯಿಂದ ಮೂಲೆಗೆ ಟೇಪ್ ಹಿಡೀರಿ. ಎರಡೂ ಕಡೆ ಒಂದೇ ಅಳತೆ ಬಂದ್ರೆ ಮಾತ್ರ ಪೂರ್ತಿ ಎಳೀರಿ. ಅದೂ ಒಂದೇ ಕಡೆಯಿಂದ ಅಲ್ಲ, ಎದುರುಬದುರು.’ ಮಾತನ್ನು ಹಾಗೇ ವಾಯ್ಸ್ ಮೆಸೇಜ್ ಮಾಡಿ ಥಂಡರ್ ಬೇಗೆ ಕಳಿಸಿದೆ.

ಸೆಪ್ಟೆಂಬರ್ ಕೊನೆಯಲ್ಲಿ ಪರೀಕ್ಷೆ. ಮಾಂಸದ ಬದಲು ಮರಳಿನ ಚೀಲ. ಲೈಫ್ ಜಾಕೆಟ್ ತೊಟ್ಟ ಅಜ್ಜ, ಎದೆಮಟ್ಟದ ನೀರು, ಗಾಡಿಗೆ ಕಟ್ಟಿದ ಹಗ್ಗದ ತುದಿ ದಡದಲ್ಲಿದ್ದ ಮಾಮನ ಕೈಯಲ್ಲಿ. ನಾನು ಹಾಸನದಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಅಜ್ಜ ಬೇಕೆಂದೇ ಒಂದು ಕಡೆ ವಾಲಿದರು. ಗಾಡಿಯೂ ವಾಲಿತು. ನನ್ನ ಉಸಿರು ನಿಂತಿತು. ಆಮೇಲೆ ನಿಧಾನಕ್ಕೆ ನೆಟ್ಟಗಾಯಿತು. ಆದರೆ ಹಿಂಭಾಗ ನಾನಂದುಕೊಂಡಿದ್ದಕ್ಕಿಂತ ಹೆಚ್ಚು ಮುಳುಗಿತ್ತು. ಅಡ್ಡಕ್ಕೆ ವಾಲುವುದನ್ನು ಲೆಕ್ಕ ಹಾಕಿದ್ದ ನಾನು ಹಿಂದಕ್ಕೆ ತಗ್ಗುವುದನ್ನು ಮರೆತಿದ್ದೆ. ಕ್ಯಾರಿಯರನ್ನು ಒಂದು ಗೇಣು ಮುಂದಕ್ಕೆ ಸರಿಸಿ ಮತ್ತೊಮ್ಮೆ ನೀರಿಗಿಳಿಸಿದ ಮೇಲೆಯೇ ನಾನು ‘ಸರಿ’ ಎಂದದ್ದು. ನೀರಿನಲ್ಲಿ ಎಷ್ಟು ಕೆ.ಜಿ. ಮೀರಬಾರದು ಎಂದು ಅಜ್ಜ ಪೈಪಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡರು.

ಆ ವರ್ಷ ಅಜ್ಜನಿಗೆ ಮೂಸ್ ಸಿಗಲಿಲ್ಲ. ‘ಒಳ್ಳೇದೇ ಆಯ್ತು ಬಿಡು’ ಎಂದಳು ಅಮ್ಮ. ಮಾಮ ಕಳಿಸಿದ ಫೋಟೊದಲ್ಲಿ ಕ್ಯಾರಿಯರ್ ತುಂಬ ಸೌದೆ ಇತ್ತು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಅಜ್ಜ, ಮೊಣಕಾಲಿನವರೆಗೂ ಒದ್ದೆ, ಮೇಲೆಲ್ಲ ಒಣ. ನಾನು ಮೊದಲು ನೋಡಿದ್ದು ಅದನ್ನೇ.