ಇಸಿಜಿ ನಾರ್ಮಲ್ ಎಂದ ಮೇಲೆ: ಕೊಡಗಿನಲ್ಲಿ ಪ್ಯಾನಿಕ್ ಕಾಯಿಲೆಯ ಚಿಕಿತ್ಸೆ

ಕೊಡಗಿಗೆ ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು 2019ರ ಜೂನ್‌ನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನ ನಡೆಯಿತು. ಎದೆನೋವು ಕಾಣಿಸಿಕೊಂಡವರನ್ನು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ, ಸಂಪಾಜೆ ಘಟ್ಟ ಇಳಿದು ಮಂಗಳೂರಿಗೋ ಕರೆದೊಯ್ಯಬೇಕಾದ ಸ್ಥಿತಿಯೇ ಆ ಕೂಗಿಗೆ ಕಾರಣವಾಗಿತ್ತು. ರೈಲು ಹಳಿಯೇ ಇಲ್ಲದ, ಮಳೆಗಾಲದಲ್ಲಿ ರಸ್ತೆಯನ್ನೂ ನಂಬಲಾಗದ ಈ ಜಿಲ್ಲೆಯಲ್ಲಿ ಎದೆ ಹಿಡಿದುಕೊಂಡ ಮನುಷ್ಯನ ಆತಂಕ ನಿರಾಧಾರವಲ್ಲ. ಆದರೆ ಅದೇ ಆತಂಕದಿಂದ ನಡುರಾತ್ರಿ ಜೀಪು ಹತ್ತಿ ಆಸ್ಪತ್ರೆಗೆ ಬರುವವರಲ್ಲಿ ಇನ್ನೊಂದು ವರ್ಗವೂ ಇದೆ. ಇವರ ಇಸಿಜಿ ಸರಿಯಾಗಿರುತ್ತದೆ, ರಕ್ತಪರೀಕ್ಷೆಯಲ್ಲೂ ದೋಷ ಕಾಣುವುದಿಲ್ಲ. ‘ಏನೂ ಇಲ್ಲ, ಗ್ಯಾಸ್ಟ್ರಿಕ್ ಇರಬೇಕು, ಟೆನ್ಶನ್ ಮಾಡ್ಕೋಬೇಡಿ’ ಎಂದು ಹೇಳಿ ಮನೆಗೆ ಕಳಿಸಲಾಗುತ್ತದೆ. ಎರಡು ವಾರ ಕಳೆಯುವುದರೊಳಗೆ ಅವರು ಮತ್ತೆ ಬಂದಿರುತ್ತಾರೆ, ಈ ಸಲ ಹಳೆಯ ವರದಿಗಳ ಪ್ಲಾಸ್ಟಿಕ್ ಕವರಿನೊಂದಿಗೆ.

ಇದು ಕೊಡಗಿನಲ್ಲಿ ಮಾತ್ರ ಕಾಣುವ ಚಿತ್ರವಲ್ಲ. ಎದೆನೋವೆಂದು ಕೆನಡಾದ ಮಾಂಟ್ರಿಯಲ್‌ನ ಹೃದಯ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಬಂದ 441 ಜನರನ್ನು ಪರಿಶೀಲಿಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಕಾಲುಭಾಗದವರಿಗೆ ಪ್ಯಾನಿಕ್ ಡಿಸಾರ್ಡರ್ ಇತ್ತು. ಹೃದ್ರೋಗ ತಜ್ಞರು ಅದನ್ನು ಗುರುತಿಸಿದ್ದು ತೀರಾ ಅಪರೂಪ. ಅದೇ ಗುಂಪಿನಲ್ಲಿ ನಿಜವಾದ ಹೃದ್ರೋಗ ಇದ್ದವರೂ ಇದ್ದುದರಿಂದ ಮೊದಲು ಹೃದಯವನ್ನು ಪರೀಕ್ಷಿಸುವ ಕ್ರಮ ಸರಿಯಾದದ್ದೇ. ಲೋಪವಾಗುವುದು ಪರೀಕ್ಷೆ ಮುಗಿದ ನಂತರದ ಹೆಜ್ಜೆಯಲ್ಲಿ.

ಕಾಯಿಲೆಯ ಸ್ವರೂಪ

ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ಉತ್ತುಂಗಕ್ಕೇರುತ್ತದೆ. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಬೆವರು, ನಡುಕ, ತಲೆಸುತ್ತು, ಕೈಕಾಲು ಜುಮ್ಮೆನ್ನುವುದು, ಸುತ್ತಲಿನದೆಲ್ಲ ನಿಜವಲ್ಲ ಎನಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಈಗ ಸತ್ತೇ ಹೋಗುತ್ತೇನೆಂಬ ಖಾತ್ರಿ. ಇಂಥದ್ದು ಒಮ್ಮೆ ಬಂದು ಹೋದರೆ ಕಾಯಿಲೆಯೆನ್ನುವುದಿಲ್ಲ. ಕಾರಣವಿಲ್ಲದೆ ಮತ್ತೆ ಮತ್ತೆ ಬಂದು, ಮುಂದಿನದು ಯಾವಾಗಲೋ ಎಂಬ ಚಿಂತೆ ಒಂದು ತಿಂಗಳಿಗೂ ಹೆಚ್ಚು ಕಾಲ ಕಾಡಿದಾಗ ಅಥವಾ ಅದರಿಂದಾಗಿ ನಡವಳಿಕೆಯೇ ಬದಲಾದಾಗ ಅದು ಪ್ಯಾನಿಕ್ ಡಿಸಾರ್ಡರ್. ಬಸ್ಸು, ಸಂತೆ, ಮದುವೆ ಮನೆ ಒಂದೊಂದಾಗಿ ಕೈಬಿಟ್ಟು ಹೋಗುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚು, ಆರಂಭವಾಗುವುದೂ ಬಹುತೇಕ ಯೌವನದಲ್ಲೇ.

ಸೇನೆಗೆ ತಲೆಮಾರುಗಳಿಂದ ಮಕ್ಕಳನ್ನು ಕಳಿಸಿದ ಕೊಡಗು ಗಮನಿಸಬೇಕಾದ ಸಂಗತಿಯೊಂದಿದೆ. ಈ ಲಕ್ಷಣಗಳ ಮೊದಮೊದಲ ವಿವರವಾದ ವೈದ್ಯಕೀಯ ದಾಖಲೆಗಳಲ್ಲೊಂದು ಸೈನಿಕರದ್ದು. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದವರ ಎದೆಬಡಿತ ಮತ್ತು ಉಸಿರಾಟದ ತೊಂದರೆಯನ್ನು ವೈದ್ಯರೊಬ್ಬರು 1871ರಲ್ಲಿ ಹೃದಯದ ಒಂದು ಬಗೆಯ ಕಾಯಿಲೆಯೆಂದೇ ವರ್ಣಿಸಿದ್ದರು. ಪ್ಯಾನಿಕ್ ಡಿಸಾರ್ಡರ್ ಪ್ರತ್ಯೇಕ ಕಾಯಿಲೆಯಾಗಿ ಅಮೆರಿಕದ ಅಧಿಕೃತ ರೋಗಪಟ್ಟಿಗೆ ಸೇರಿದ್ದು 1980ರಲ್ಲಿ. ಇದು ಅಂಜುಬುರುಕರ ಕಾಯಿಲೆಯೆಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದ್ದರೆ, ಅದನ್ನು ಬಿಡಲು ಆ ಹಳೆಯ ದಾಖಲೆಯೊಂದೇ ಸಾಕು.

ನಿಜವಾದ ಅಪಾಯ, ಸುಳ್ಳು ಎಚ್ಚರಿಕೆ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಸುತ್ತಿನಲ್ಲಿ ಗುಡ್ಡಗಳೇ ಜಾರಿ ಬಂದವು. ಮರುವರ್ಷ ತೋರ, ಕೋರಂಗಾಲ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2022ರ ಜೂನ್‌, ಜುಲೈನಲ್ಲಿ ಚೆಂಬು, ಪೆರಾಜೆ ಭಾಗದ ಜನ ನೆಲದಡಿಯ ಸದ್ದಿಗೂ ಲಘು ಕಂಪನಕ್ಕೂ ಹೆದರಿ ಮನೆಯಿಂದ ಹೊರಗೋಡಿದರು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ತೋಟಗಳಲ್ಲಿ ಬೆಳಗಿನ ಕೆಲಸಕ್ಕೆ ಹೊರಟವರು ಕಾಡಾನೆಗೆ ಎದುರಾಗಿ ಪ್ರಾಣ ಕಳೆದುಕೊಂಡ ಸುದ್ದಿ ವರ್ಷವರ್ಷವೂ ಬರುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ನಾವು ಸ್ಪಷ್ಟವಾಗಿ ಗುರುತಿಸಿಕೊಳ್ಳಬೇಕು. ಮಳೆ ಜೋರಾದ ರಾತ್ರಿ ನಿದ್ದೆಗೆಡುವ ಗುಡ್ಡದಂಚಿನ ಕುಟುಂಬದ ಭಯವೆಲ್ಲ ಪ್ಯಾನಿಕ್ ಡಿಸಾರ್ಡರ್ ಅಲ್ಲ. ಅದು ಸಹಜ ಎಚ್ಚರವಿರಬಹುದು ಅಥವಾ ದುರಂತದ ನಂತರದ ಆಘಾತದ ಲಕ್ಷಣವಿರಬಹುದು. ಆಘಾತದ ಚಿಕಿತ್ಸೆಯ ಹಾದಿಯೇ ಬೇರೆ. ಪ್ಯಾನಿಕ್ ಕಾಯಿಲೆಯಲ್ಲಿ ಅಪಾಯವಿಲ್ಲದ ಹೊತ್ತಿನಲ್ಲೂ ದೇಹ ಅಪಾಯದ ಗಂಟೆ ಬಾರಿಸುತ್ತದೆ. ಒಬ್ಬರಲ್ಲೇ ಎರಡೂ ಇರುವುದುಂಟು. ಇದನ್ನು ಬಿಡಿಸಿ ನೋಡಲು ಐದು ನಿಮಿಷದ ಹೊರರೋಗಿ ಭೇಟಿ ಸಾಲದು.

ಕಾಫಿ ನಾಡಿಗೆ ಸೇರಿದ ಇನ್ನೊಂದು ಸಣ್ಣ ಸಂಗತಿ: ಕೆಫೀನ್ ಹೆಚ್ಚು ಪ್ರಮಾಣದಲ್ಲಿ ಒಳಸೇರಿದರೆ ಈ ಕಾಯಿಲೆಯಿದ್ದವರಲ್ಲಿ ಅಟ್ಯಾಕ್ ಬರಬಹುದೆಂಬುದು ಪ್ರಯೋಗಗಳಲ್ಲಿ ಸಿದ್ಧವಾಗಿದೆ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಮದ್ಯ ಬಿಟ್ಟ ಮರುದಿನಗಳ ನಡುಕ ಕೂಡ ಇದೇ ವೇಷದಲ್ಲಿ ಬರುತ್ತವೆ. ಧೈರ್ಯಕ್ಕೆಂದು ಕುಡಿಯಲು ತೊಡಗಿದವರ ಕಾಯಿಲೆ ಉಲ್ಬಣಿಸುತ್ತದೆ.

ಮಾತ್ರೆ ಮತ್ತು ಥೆರಪಿ

ಚಿಕಿತ್ಸೆಯಲ್ಲಿ ಎರಡು ದಾರಿಗಳಿವೆ. ಸರ್ಟ್ರಲಿನ್, ಪ್ಯಾರಾಕ್ಸೆಟಿನ್ ಮುಂತಾದ ಔಷಧಗಳು ಕೆಲವು ವಾರಗಳಲ್ಲಿ ಫಲ ಕೊಡುತ್ತವೆ, ಚಟವಾಗುವುದಿಲ್ಲ. ಆಲ್ಪ್ರಜೋಲಮ್ ಅರ್ಧ ಗಂಟೆಯಲ್ಲಿ ಸಮಾಧಾನ ತರುತ್ತದೆ, ಆದರೆ ಬಹುಕಾಲ ನುಂಗಿದರೆ ಬಿಡುವುದು ಕಷ್ಟ. ಇನ್ನೊಂದು ದಾರಿ ಸಿಬಿಟಿ ಎಂದು ಕರೆಯುವ ಮಾತಿನ ಮತ್ತು ಅಭ್ಯಾಸದ ಥೆರಪಿ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಹನ್ನೆರಡರಷ್ಟು ಭೇಟಿಗಳು. ಹೊರಗಿನವರು ತಿಳಿದಂತೆ ಇದು ಬರೀ ಸಮಾಧಾನದ ಮಾತಲ್ಲ. ಮೂಗು ಮುಚ್ಚಿ ಸಣ್ಣ ಸ್ಟ್ರಾ ಮೂಲಕ ಒಂದು ನಿಮಿಷ ಉಸಿರಾಡಿಸುತ್ತಾರೆ, ಕುರ್ಚಿಯಲ್ಲಿ ಗಿರಗಿರ ತಿರುಗಿಸುತ್ತಾರೆ, ಮೆಟ್ಟಿಲು ಹತ್ತಿ ಇಳಿಸುತ್ತಾರೆ. ರೋಗಿ ಹೆದರುವ ಎದೆಬಡಿತ, ತಲೆಸುತ್ತು ಎಲ್ಲವೂ ಅಲ್ಲೇ ಬರುತ್ತವೆ, ಅಲ್ಲೇ ಇಳಿಯುತ್ತವೆ. ಪ್ರಾಣಕ್ಕೇನೂ ಆಗಲಿಲ್ಲವೆಂಬುದನ್ನು ದೇಹ ಕಲಿಯುತ್ತದೆ. ಆಮೇಲೆ ಬಸ್ಸು. ಮಡಿಕೇರಿಯಿಂದ ಸುಂಟಿಕೊಪ್ಪದವರೆಗೆ ಮೊದಲು ಜೊತೆಗಾರರೊಂದಿಗೆ, ಬಾಗಿಲ ಪಕ್ಕದ ಸೀಟಿನಲ್ಲಿ, ನಂತರ ಒಬ್ಬರೇ, ಕೊನೆಗೆ ಜೇಬಿನಲ್ಲಿ ಮಾತ್ರೆಯ ಪಟ್ಟಿಯೂ ಇಲ್ಲದೆ ಕುಶಾಲನಗರದವರೆಗೆ.

ಯಾವುದು ಮೇಲು? 312 ರೋಗಿಗಳನ್ನೊಳಗೊಂಡು 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಅಂದಿನ ಔಷಧ ಮತ್ತು ಥೆರಪಿ ಎರಡೂ ಫಲ ಕೊಟ್ಟವು. ಚಿಕಿತ್ಸೆ ನಿಲ್ಲಿಸಿದ ಮೇಲೆ ಹೆಚ್ಚು ಬಾಳಿಕೆ ಬಂದದ್ದು ಥೆರಪಿ. ಥೆರಪಿಸ್ಟರೇ ಇಲ್ಲದ ಕಡೆ ಮಾತ್ರೆಯನ್ನು ಹಳಿಯುವುದು ಜನದ್ರೋಹವೆಂದು ವೈದ್ಯರು ವಾದಿಸುತ್ತಾರೆ, ಅದು ಸರಿ. ಮಾತ್ರೆ ಸಿಕ್ಕಿತೆಂದು ಸರ್ಕಾರ ತನ್ನ ಹೊಣೆ ಮುಗಿಸಿಕೊಳ್ಳುವುದು ಮಾತ್ರ ಸರಿಯಲ್ಲ.

ಕೊಡಗಿನಲ್ಲಿ ಥೆರಪಿಗೆ ವಿಶೇಷ ವಿವೇಕವೂ ಬೇಕು. ಭಯಪಡುವ ಕಡೆಗೇ ಹೋಗಿ ಎನ್ನುವ ಸೂತ್ರವನ್ನು ಆನೆ ದಾರಿಯ ಲೈನ್ ಮನೆಯಲ್ಲಿರುವ ಕಾರ್ಮಿಕ ಮಹಿಳೆಗೆ ಹಾಗೆಯೇ ಹೇಳಲಾಗದು. ಯಾವ ಭಯವನ್ನು ಎದುರಿಸಬೇಕು, ಯಾವುದನ್ನು ಗೌರವಿಸಬೇಕು ಎಂಬುದನ್ನು ಊರು ಬಲ್ಲ ಥೆರಪಿಸ್ಟರಷ್ಟೇ ತೀರ್ಮಾನಿಸಬಲ್ಲರು. ಭಾಷೆಯ ವಿಷಯವೂ ಹೀಗೆಯೇ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ನುಡಿ ಆಡುವವರು ಕನ್ನಡದಲ್ಲಿ ವ್ಯವಹಾರ ನಡೆಸಬಹುದು. ಸಾವಿನ ಭಯ ಹೇಳಿಕೊಳ್ಳುವಾಗ ಮನೆಮಾತಿಗೆ ಹೊರಳುತ್ತಾರೆ.

ಇರುವ ವ್ಯವಸ್ಥೆ, ಇಲ್ಲದ ಕೊಂಡಿ

ತಜ್ಞರ ಬಳಿಗೆ ಜನರನ್ನು ಕರೆಸುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ರಾಜ್ಯದಲ್ಲಿ ‘ಮನೋಚೈತನ್ಯ’ದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ಏರ್ಪಾಡಾಯಿತು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತಿದೆ. ಇವೆಲ್ಲ ಸಣ್ಣ ಸಾಧನೆಗಳಲ್ಲ.

ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ 70ರಿಂದ 92. ತಿಂಗಳಿಗೊಮ್ಮೆ ಬಂದು ಮಾತ್ರೆ ಪಡೆಯುವವರಿಗೆ ಇಂದಿನ ವ್ಯವಸ್ಥೆ ನೆರವಾಗುತ್ತದೆ. ವಾರವಾರವೂ ಮುಕ್ಕಾಲು ಗಂಟೆ ಬೇಡುವ ಥೆರಪಿಗೆ ಅದರಲ್ಲಿ ಜಾಗ ಕಡಿಮೆ. ಕರಿಕೆಯಿಂದಲೋ ಸೋಮವಾರಪೇಟೆಯ ಒಳಗಿನ ಹಳ್ಳಿಯಿಂದಲೋ ಬರುವವರಿಗೆ ಒಂದು ಭೇಟಿಯೆಂದರೆ ಒಂದು ದಿನದ ಕೂಲಿ. ಬಸ್ಸು ಹತ್ತಲಾರದ್ದೇ ಅವರ ಕಾಯಿಲೆಯೆಂಬುದನ್ನೂ ಮರೆಯುವಂತಿಲ್ಲ. ದೂರವಾಣಿ, ವಿಡಿಯೊ ಮೂಲಕ ಥೆರಪಿ ಸಾಧ್ಯ, ಆದರೆ ಗಾಳಿಮಳೆಗೆ ಕರೆಂಟೂ ಸಿಗ್ನಲ್ಲೂ ಹೋಗುವ ಆಷಾಢದಲ್ಲಿ ಅದನ್ನಷ್ಟೇ ನೆಚ್ಚಿಕೊಳ್ಳಲಾಗದು.

2010ರಲ್ಲಿ ಪ್ರಕಟವಾದ ಗೋವಾದ ಪ್ರಯೋಗವೊಂದರಲ್ಲಿ ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಮತ್ತು ಆತಂಕದ ರೋಗಿಗಳ ಚೇತರಿಕೆಯನ್ನು ಹೆಚ್ಚಿಸಿದರು. ಕ್ಲಿನಿಕಲ್ ಸೈಕಾಲಜಿಸ್ಟರು ಸಾಲದ ಕಡೆ, ಅವರ ಮೇಲ್ವಿಚಾರಣೆಯಲ್ಲಿ ಇಂಥವರನ್ನು ಬೆಳೆಸಬಹುದು. ಅರೆಬರೆ ತರಬೇತಿಯಿಂದ ಹಾನಿಯಾದೀತೆಂಬ ಆಕ್ಷೇಪಕ್ಕೆ ಮೇಲ್ವಿಚಾರಣೆ ಬಿಗಿಯಾಗಿರುವುದೇ ಉತ್ತರ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸೇವೆ ಪಡೆಯುವುದನ್ನು ಹಕ್ಕಾಗಿಸಿದೆ, ವಿಮೆಯಲ್ಲೂ ದೈಹಿಕ ಕಾಯಿಲೆಗೆ ಸಮಾನ ಸ್ಥಾನ ಕೊಟ್ಟಿದೆ. ತೋಟ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆ 1951ರ ಕಾಯ್ದೆಯ ಕಾಲದಿಂದಲೂ ಮಾಲೀಕರ ಮೇಲಿದೆ. ಅಮ್ಮತ್ತಿ, ಸಿದ್ದಾಪುರದಂಥ ತೋಟದ ಊರುಗಳಲ್ಲಿ ವಾರದ ರಜೆಯ ದಿನ ಒಬ್ಬ ಸಮಾಲೋಚಕರು ಕೂರುವಂತೆ ಜಿಲ್ಲಾಡಳಿತ ಮತ್ತು ಬೆಳೆಗಾರರು ಒಟ್ಟಾಗಿ ಏರ್ಪಾಡು ಮಾಡಲು ಹೊಸ ಕಾನೂನೇನೂ ಬೇಕಿಲ್ಲ.