ಮಗುವಿನ ಸೈಕಲ್ ರಸ್ತೆಗಿಳಿಯುವ ಮುನ್ನ

ತಲಕಾಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಬದಿಯ ಹಳ್ಳಿಯೊಂದರ ಹನ್ನೊಂದು ವರ್ಷದ ಬಾಲಕನಿಗೆ ಸೈಕಲ್ ಕೊಡಿಸಿರೆಂದು ಸಲಹೆ ಮಾಡಿದವರು ನಾವೇ. ಮೈಭಾರ ಹೆಚ್ಚಿತ್ತು, ಸಂಜೆಯೆಲ್ಲ ಮೊಬೈಲ್ ಹಿಡಿದು ಕೂರುತ್ತಿದ್ದ. ವ್ಯಾಯಾಮವು ದೇಹಕ್ಕೆ ಲಾಘವವನ್ನೂ ಜಠರಾಗ್ನಿಗೆ ದೀಪ್ತಿಯನ್ನೂ ಕೊಡುವುದೆಂದು ಹೇಳಿ ಕಳುಹಿಸಿದೆವು. ಎರಡು ತಿಂಗಳ ತರುವಾಯ ಅದೇ ಬಾಲಕ, ಮುರಿದ ಮುಂಗೈಯ ಪ್ಲಾಸ್ಟರ್ ಬಿಚ್ಚಿಸಿಕೊಂಡು, ಮೊಣಕೈಯ ಬಿಗಿತಕ್ಕೆ ತೈಲ ಕೇಳಲು ಬಂದ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರಿನ ಸದ್ದು ಕೇಳಿಸಿತಂತೆ. "ತಿರುಗಿ ನೋಡಿದೆ, ಸೈಕಲ್ಲೂ ತಿರುಗಿಬಿಟ್ಟಿತು" ಎಂದ. ಚಾಲಕ ಬ್ರೇಕ್ ಒತ್ತಿದ್ದರಿಂದ ಕೈಗಷ್ಟೇ ಪೆಟ್ಟಾಯಿತು.

ಆ ಮಗು ಹೇಳಿದ್ದು ಅಕ್ಷರಶಃ ನಿಜ. ಕತ್ತು ತಿರುಗಿದಾಗ ಭುಜ ತಿರುಗುತ್ತದೆ, ಭುಜದೊಡನೆ ತೋಳು, ತೋಳಿನೊಡನೆ ಹ್ಯಾಂಡಲ್. ನಮ್ಮಲ್ಲಿ ಎಡಬದಿಯ ಸಂಚಾರವಾದುದರಿಂದ ಹಿಂದಕ್ಕೆ ನೋಡುವುದು ಬಲಭುಜದ ಮೇಲಿಂದ. ಸೈಕಲ್ ಓಲುವುದೂ ಬಲಕ್ಕೆ, ಅಂದರೆ ರಸ್ತೆಯ ನಡುವಿಗೇ. ಬೀಳದೆ ತುಳಿಯುವುದನ್ನು ಕಲಿತ ಮಗು ರಸ್ತೆಯನ್ನೂ ಕಲಿತಿದೆಯೆಂದು ನಾವು ಹಿರಿಯರು ಭಾವಿಸಿಬಿಡುತ್ತೇವೆ.

ಹದಿನಾರು ವರ್ಷದವರೆಗೆ ಧಾತುಗಳು ಪಕ್ವವಾಗಿರುವುದಿಲ್ಲವೆಂದೂ, ಅನಂತರವೂ ಮೂವತ್ತರವರೆಗೆ ಮನಸ್ಸು ಪ್ರಾಯಶಃ ಅಸ್ಥಿರವೆಂದೂ ಚರಕಾಚಾರ್ಯರು ಹೇಳಿದ್ದಾರೆ. (ಮೂವತ್ತರ ಮಾತಿಗೆ ನಮ್ಮ ಬೈಕ್ ಸವಾರರೇ ಸಾಕ್ಷಿ.) ಎದುರು ಬರುವ ವಾಹನದ ವೇಗವನ್ನು ಅಳೆಯುವ ಶಕ್ತಿ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ವಯಸ್ಕರಷ್ಟು ಬೆಳೆದಿರುವುದಿಲ್ಲವೆಂದು ಆಧುನಿಕ ಸಂಶೋಧನೆಯೂ ತಿಳಿಸುತ್ತದೆ. ವಾಹನ ವೇಗವಾಗಿದ್ದಷ್ಟೂ ಅವರ ಅಂದಾಜು ತಪ್ಪುತ್ತದೆ. ಗದರಿದರೆ ಈ ಶಕ್ತಿ ಬೇಗ ಬಾರದು.

ನಾವು ಬಾಲ್ಯದಲ್ಲಿ ಗಂಟೆಯ ಬಾಡಿಗೆಗೆ ದೊಡ್ಡ ಸೈಕಲ್ ತಂದು, ಚೌಕಟ್ಟಿನೊಳಗೆ ಕಾಲು ತೂರಿಸಿ ಕಲಿತವರು. ಆಗ ಎದುರಿಗೆ ಬರುತ್ತಿದ್ದುದು ಎತ್ತಿನ ಗಾಡಿ. ಇಂದು ಕಬ್ಬಿನ ಸುಗ್ಗಿಯಲ್ಲಿ ಹೊರೆ ಹೊರಚಾಚಿದ ಟ್ರೇಲರುಗಳು; ಭಾನುವಾರಗಳಲ್ಲಿ ವೈದ್ಯನಾಥೇಶ್ವರನ ದರ್ಶನಕ್ಕೂ ಮರಳುದಿಬ್ಬಗಳಿಗೂ ಬರುವ ಕಾರುಗಳು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ನೀಡಲಾರಂಭಿಸಿದುದು ದೂರದ ಪ್ರೌಢಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರ. ಜರ್ಮನಿಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ಸೈಕಲ್ ಪರೀಕ್ಷೆಯುಂಟು, ಪೊಲೀಸರೂ ಬಂದು ಕಲಿಸುತ್ತಾರೆ. ನಮ್ಮಲ್ಲಿ ಆ ಹೊಣೆ ಮನೆಯವರ ಮೇಲಿದೆ.

ಮೊದಲು ಸೈಕಲ್ಲಿನ ಅಳತೆ ನೋಡಿರಿ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲ ಮುಟ್ಟಬೇಕು. ಬೆರಳುಗಳಿಗೆ ಬ್ರೇಕ್ ಎಟುಕಬೇಕು. "ಬೆಳೆಯುವ ಮಗು, ದೊಡ್ಡದೇ ಇರಲಿ" ಎಂಬುದು ಅಂಗಿಗೆ ಸರಿ, ಸೈಕಲ್ಲಿಗೆ ಸಲ್ಲದು. ಕ್ಯಾರಿಯರಿನ ಮೇಲೆ ಕೂರಿಸಿದ ತಂಗಿಯ ಹಿಮ್ಮಡಿ ಚಕ್ರದ ಕಡ್ಡಿಗೆ ಸಿಕ್ಕಿ ಬರುವ ಗಾಯಗಳನ್ನು ನಾವು ವರ್ಷವರ್ಷವೂ ಕಾಣುತ್ತಿದ್ದೇವೆ. ದುಪಟ್ಟಾ ಬಿಗಿದು ಕಟ್ಟಿರಬೇಕು. ಚೀಲ ಹ್ಯಾಂಡಲಿಗಲ್ಲ, ಬೆನ್ನಿಗೆ. ನಡೆಯುವಾಗ ಬಲಬದಿ, ಸೈಕಲ್ಲಿನಲ್ಲಿ ಎಡಬದಿ ಎಂಬುದನ್ನೂ ಬಿಡಿಸಿ ಹೇಳಿರಿ, ಮಕ್ಕಳು ಇವೆರಡನ್ನೂ ಕಲಸಿಕೊಳ್ಳುತ್ತಾರೆ.

ಅನಂತರ ವಾಹನವಿಲ್ಲದ ಬೀದಿಯಲ್ಲೋ ಶಾಲೆಯ ಮೈದಾನದಲ್ಲೋ ನೆಲದ ಮೇಲೆ ಸುಣ್ಣದ ಗೆರೆಯೊಂದನ್ನು ಎಳೆಯಿರಿ. ಮಗು ಅದರ ಮೇಲೆ ಸಾಗುತ್ತಿರುವಾಗ ಹಿರಿಯರೊಬ್ಬರು ಹಿಂದೆ ನಿಂತು ಹೆಸರು ಕೂಗಿ ಬೆರಳುಗಳನ್ನು ಎತ್ತಬೇಕು. ಮಗು ಬಲಕ್ಕೆ ತಿರುಗಿ ನೋಡಿ ಎಷ್ಟು ಬೆರಳೆಂದು ಹೇಳಬೇಕು, ಚಕ್ರ ಗೆರೆ ಬಿಡಬಾರದು. ಇದು ಸಿದ್ಧಿಸಿದ ಮೇಲೆ ಒಂದು ಕೈ ಬಿಟ್ಟು ತಿರುವಿನ ಸನ್ನೆ ಮಾಡಲಿ. ಇವೆರಡೂ ಬರುವವರೆಗೆ ಮುಖ್ಯರಸ್ತೆ ಬೇಡ. ಬಂದ ಮೇಲೂ ಕೆಲವು ವಾರ ಹಿರಿಯರು ಜೊತೆಯಲ್ಲಿ, ಮಗುವಿಗಿಂತ ತುಸು ಹಿಂದೆ ಬಲಕ್ಕೆ, ತಮ್ಮ ಸೈಕಲ್ಲಿನಲ್ಲಿ ಹೋಗಲಿ.

ನಮ್ಮ ಬಾಲಕನಿಗೆ ಈಗ ಅವನ ಅಜ್ಜ ದಿನವೂ ಸಂಜೆ ಬೆರಳೆತ್ತುತ್ತಾರೆ. ಹತ್ತರಲ್ಲಿ ಏಳು ಸಲ ಗೆರೆಯ ಮೇಲೆಯೇ ಇರುತ್ತಾನಂತೆ. ಅಜ್ಜ ಇನ್ನೂ ರಸ್ತೆಗೆ ಬಿಟ್ಟಿಲ್ಲ.